ಚೌಡಿ, ಮೈಲುತುತ್ತು ಮತ್ತು ಚಾರ್ಲ್ಸ್ ಟೇಲರ್

ಮಾನ್ಯ ಸಂಪಾದಕರೇ,

ನಿಮ್ಮ ಓದುಗರ ಪತ್ರಗಳ ಪುಟದಲ್ಲಿ ಕೆಲವು ವಾರಗಳಿಂದ ಒಂದು ಜಗಳ ನಡೆಯುತ್ತಿದೆ. ಓದು ಬರಹ ಹೆಚ್ಚಿದ ಹಾಗೆ ದೇವರು ದಿಂಡರು ತಾನಾಗಿಯೇ ಕರಗಿ ಹೋಗುತ್ತವೆ ಅಂತ ಒಬ್ಬರು ಬರೆದರು. ಜಾತ್ರೆಗಳಲ್ಲಿ ಕಾಲಿಡಲು ಜಾಗ ಇಲ್ಲ, ಎಲ್ಲಿ ಕರಗಿದೆ ತೋರಿಸಿ ಅಂತ ಇನ್ನೊಬ್ಬರು ಸವಾಲು ಹಾಕಿದರು. ಆಮೇಲೆ ಬಂದ ಪತ್ರಗಳೆಲ್ಲ ಇವರಿಬ್ಬರಲ್ಲಿ ಒಬ್ಬರ ಬೆನ್ನಿಗೆ ನಿಂತವು. ನನಗೇನೋ ಇಬ್ಬರೂ ಒಂದೇ ಕಡೆ ನಿಂತ ಹಾಗೆ ಕಾಣುತ್ತದೆ. ನಂಬಿಕೆ ಅನ್ನುವುದನ್ನು ಭತ್ತದ ಹಾಗೆ ಕೊಳಗದಲ್ಲಿ ಅಳೆಯಬಹುದು ಅಂತ ಇಬ್ಬರೂ ಅಂದುಕೊಂಡಿದ್ದಾರೆ. ಜಾಸ್ತಿ ಆಯಿತೋ ಕಡಿಮೆ ಆಯಿತೋ ಅನ್ನುವುದಷ್ಟೇ ಅವರ ತಕರಾರು.

ಈ ಲೆಕ್ಕವೇ ಸರಿಯಿಲ್ಲ ಅಂತ ಒಂದು ದೊಡ್ಡ ಪುಸ್ತಕ ಬರೆದವರು ಕೆನಡಾದ ತತ್ವಜ್ಞಾನಿ ಚಾರ್ಲ್ಸ್ ಟೇಲರ್. 1931ರಲ್ಲಿ ಮಾಂಟ್ರಿಯಲ್‌ನಲ್ಲಿ ಹುಟ್ಟಿದವರು. ಮನೆಯಲ್ಲಿ ಇಂಗ್ಲಿಷ್, ಫ್ರೆಂಚ್ ಎರಡನ್ನೂ ಕೇಳಿಕೊಂಡು ಬೆಳೆದವರು. ಸ್ವತಃ ಕ್ಯಾಥೊಲಿಕ್. 2007ರಲ್ಲಿ ಬಂದ ಅವರ ‘ಎ ಸೆಕ್ಯುಲರ್ ಏಜ್’ 800 ಪುಟಕ್ಕೂ ಹೆಚ್ಚಿದೆ. ಓದಿ ಮುಗಿಸಲು ಒಂದು ಮಳೆಗಾಲ ಬೇಕು, ಅದೂ ನಮ್ಮ ಕಡೆಯ ಮಳೆಗಾಲ.

ಅವರು ಕೇಳುವ ಪ್ರಶ್ನೆ ಸರಳವಾಗಿದೆ. 1500ರ ಸುಮಾರಿಗೆ ಪಶ್ಚಿಮ ಯುರೋಪಿನಲ್ಲಿ ದೇವರನ್ನು ನಂಬದೆ ಇರುವುದು ಹೆಚ್ಚುಕಡಿಮೆ ಆಗದ ಮಾತಾಗಿತ್ತು. 2000ದ ಹೊತ್ತಿಗೆ ಅಲ್ಲಿ ನಂಬದೆ ಇರುವುದು ಸುಲಭವಾಯಿತು, ಎಷ್ಟೋ ಜನರಿಗೆ ಅದೇ ಸಹಜವಾಯಿತು. ನಡುವೆ ನಡೆದದ್ದೇನು? ವಿಜ್ಞಾನ ಬಂತು, ಮೂಢನಂಬಿಕೆ ಕಳಚಿ ಬಿತ್ತು, ಒಳಗಿದ್ದ ಅಸಲಿ ಮನುಷ್ಯ ಹೊರಗೆ ಬಂದ ಅಂತ ನಾವೆಲ್ಲ ಕಾಲೇಜಿನಲ್ಲಿ ಕಲಿತಿದ್ದೇವಲ್ಲ, ಆ ಕಳೆಯುವ ಲೆಕ್ಕವನ್ನು ಟೇಲರ್ ಒಪ್ಪುವುದಿಲ್ಲ. ದೇವರ ಹಂಗಿಲ್ಲದೆಯೂ ಮನುಷ್ಯ ತುಂಬು ಬಾಳು ಬಾಳಬಹುದು ಅನ್ನುವ ವಿಚಾರವನ್ನೂ ಕಷ್ಟಪಟ್ಟು ಕಟ್ಟಬೇಕಾಯಿತು, ಅದಕ್ಕೆ ಶತಮಾನಗಳು ಹಿಡಿದವು, ಹಾಗೆ ಕಟ್ಟಿದವರಲ್ಲಿ ಚರ್ಚನ್ನು ಶುದ್ಧ ಮಾಡಲು ಹೊರಟ ಪರಮ ಭಕ್ತರೂ ಇದ್ದರು ಅನ್ನುತ್ತಾರೆ. ಕೊನೆಗೆ ಉಳಿದದ್ದು ಇದು: ನಂಬಿಕೆ ಈಗ ಹಲವು ದಾರಿಗಳಲ್ಲಿ ಒಂದು ದಾರಿ. ನಂಬದವರಿಗೆ ಮಾತ್ರ ಅಲ್ಲ, ನಂಬುವವರಿಗೂ.

ಈ ಕೊನೆಯ ಮಾತೇ ನನ್ನನ್ನು ಹಿಡಿದು ನಿಲ್ಲಿಸಿದ್ದು. ಇದಕ್ಕೆ ಮಾಂಟ್ರಿಯಲ್ಲಿಗೆ ಹೋಗಬೇಕಾಗಿಲ್ಲ, ತೀರ್ಥಹಳ್ಳಿ ಕಡೆಯ ಯಾವುದಾದರೂ ಅಡಿಕೆ ತೋಟಕ್ಕೆ ಕೊಳೆ ರೋಗದ ಔಷಧಿ ಹೊಡೆಯುವ ದಿನ ಬಂದರೆ ಸಾಕು. ಮಳೆ ಹಿಡಿಯುವ ಮೊದಲು ಒಂದು ಸಲ, ಆಮೇಲೆ 40–45 ದಿನ ಬಿಟ್ಟು ಇನ್ನೊಂದು ಸಲ ಬೋರ್ಡೋ ದ್ರಾವಣ ಹೊಡೆಯಬೇಕು. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಹುಯ್ಯುತ್ತಾ ಕೋಲಿನಲ್ಲಿ ತಿರುಗಿಸುತ್ತಾ ಇರಬೇಕು. ಹದ ಬಂತೋ ಇಲ್ಲವೋ ನೋಡಲು ಚೊಕ್ಕ ಮಾಡಿದ ಕತ್ತಿಯ ತುದಿಯನ್ನು ಅದ್ದಿ ತೆಗೆಯುತ್ತೇವೆ. ಕಬ್ಬಿಣದ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು ಅಂತ ಅರ್ಥ, ಇನ್ನಷ್ಟು ಹಾಕಬೇಕು. ಇದು ರಸಾಯನಶಾಸ್ತ್ರ, ಇದರಲ್ಲಿ ಯಾವ ದೇವರೂ ಇಲ್ಲ. ಆದರೆ ಡ್ರಮ್ಮು ಎತ್ತುವ ಮೊದಲು ತೋಟದ ಅಂಚಿನ ಚೌಡಿ ಕಲ್ಲಿಗೆ, ಅಂದರೆ ಆ ಜಾಗದ ದೇವತೆಗೆ, ಒಂದು ಕಾಯಿ ಒಡೆಯುತ್ತಾರೆ. ಮರ ಹತ್ತುವವರು ಕಾಲು ಜಾರದೆ ಇಳಿಯಲಿ, ಮಳೆ ನಾಲ್ಕು ಗಂಟೆ ತಡೆದು ಬರಲಿ ಅಂತ. ಕತ್ತಿ ಅದ್ದಿ ನೋಡಿದ ಕೈಯೇ ಕಾಯಿ ಒಡೆಯುವ ಕೈ. ನಮ್ಮ ಅಮ್ಮನಿಗೆ ಇದರಲ್ಲಿ ಎಂದೂ ಇಕ್ಕಟ್ಟು ಕಂಡಿದ್ದಿಲ್ಲ.

ಅಮ್ಮನ ಕಾಲಕ್ಕೆ ಚೌಡಿ ಇದ್ದಾಳೋ ಇಲ್ಲವೋ ಅನ್ನುವ ಪ್ರಶ್ನೆ ಬರುತ್ತಿರಲಿಲ್ಲ. ಹಳ್ಳ ಇದ್ದ ಹಾಗೆ ಚೌಡಿ ಇದ್ದಳು. ಸಂಜೆ ಹೊತ್ತು ಆ ಕಡೆ ಹೋದರೆ ಅವಳ ‘ಸೋಂಕು’ ಆಗುತ್ತಿತ್ತು, ಮಗು ರಚ್ಚೆ ಹಿಡಿಯುತ್ತಿತ್ತು, ದನ ಮೇವು ಬಿಡುತ್ತಿತ್ತು. ಹೀಗೆ ಬದುಕಿದವನೇ ಟೇಲರ್ ಹೇಳುವ ಹಳೆಯ ಮನುಷ್ಯ. ಅವನಿಗೂ ಹೊರಗಿನ ಲೋಕಕ್ಕೂ ನಡುವೆ ಗಟ್ಟಿ ಗೋಡೆ ಇರಲಿಲ್ಲ. ಒಳ್ಳೆಯದು ಕೆಟ್ಟದ್ದು ಎರಡೂ ಹೊರಗಿನಿಂದ ನೇರ ಒಳಗೆ ಬರುತ್ತಿದ್ದವು. ಈಗಿನ ನಮಗೆ ಗೋಡೆ ಇದೆ. ಮನಸ್ಸು ನನ್ನದು, ಅರ್ಥ ಕೊಡುವವನು ನಾನು, ಹೊರಗಿರುವುದು ಬರೀ ಕಲ್ಲು ಮರ. ಇದರಿಂದ ಭಯ ಕಡಿಮೆಯಾಯಿತು, ಅದು ಸಣ್ಣ ಲಾಭ ಅಲ್ಲ. ಆದರೆ ಏನೋ ಮುಚ್ಚಿ ಹೋಯಿತು ಅನ್ನುವ ಕಸಿವಿಸಿಯೂ ಜೊತೆಗೇ ಬಂತು ಅನ್ನುತ್ತಾರೆ ಅವರು.

ನನ್ನ ತಲೆಮಾರಿನವರು ನಡುವೆ ಸಿಕ್ಕಿಕೊಂಡವರು. ಕಾಯಿ ಒಡೆಯುತ್ತೇವೆ, ಒಡೆಯುವಾಗ ‘ಸುಮ್ನೆ, ಅಮ್ಮನ ಸಮಾಧಾನಕ್ಕೆ’ ಅಂತ ಪಕ್ಕದವರಿಗೆ ಹೇಳುತ್ತೇವೆ. ಒಂದು ವರ್ಷ ಒಡೆಯದೆ ಇದ್ದು ನೋಡಿ ಅಂದರೆ ಮಾತ್ರ ಆಗುವುದಿಲ್ಲ.

ಹಬ್ಬಕ್ಕೆ ಮನೆಮಂದಿಯೆಲ್ಲ ಸೇರಿದಾಗ ನೋಡಬೇಕು. ಭಾವ ನಿತ್ಯ ಪೂಜೆ ಬಿಟ್ಟವರಲ್ಲ. ಅಕ್ಕನಿಗೆ ಸಿಗಂದೂರಿನ ಹರಕೆ. ಅವರ ದೊಡ್ಡ ಮಗ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯವನು, ಏನನ್ನೂ ನಂಬುವುದಿಲ್ಲ, ಆದರೆ ಕಡುಬಿಗೆ ಮೊದಲ ಪಂಕ್ತಿಯಲ್ಲೇ ಕೂರುತ್ತಾನೆ. ಸೊಸೆ ಯೂಟ್ಯೂಬಿನ ಯಾರೋ ಗುರುಗಳ ಧ್ಯಾನ ಮಾಡುತ್ತಾಳೆ. ಮಗಳು, ನನಗೆ ಆಧ್ಯಾತ್ಮ ಇಷ್ಟ, ಧರ್ಮ ಇಷ್ಟ ಇಲ್ಲ ಅನ್ನುತ್ತಾಳೆ. ಎಲ್ಲರೂ ಒಂದೇ ಊಟ ಉಣ್ಣುತ್ತಾರೆ, ಒಬ್ಬರಿಗಿಂತ ಒಬ್ಬರು ಕೆಟ್ಟವರೂ ಅಲ್ಲ, ದಡ್ಡರೂ ಅಲ್ಲ. ಅಲ್ಲೇ ಇರುವುದು ಇಕ್ಕಟ್ಟು. ದೂರದವರು ಬೇರೆ ಥರ ನಂಬಿದರೆ ನನ್ನ ನಂಬಿಕೆಗೆ ಏನೂ ಆಗುವುದಿಲ್ಲ. ನನ್ನಂತೆಯೇ ಇರುವವನು, ನಮ್ಮ ಮನೆಯ ಹುಡುಗನೇ, ಅದು ಯಾವುದೂ ಇಲ್ಲದೆ ಆರಾಮಾಗಿ ಇದ್ದಾನೆ ಅಂದಾಗ ನನ್ನದು ಸ್ವಲ್ಪ ಅಲ್ಲಾಡುತ್ತದೆ. ಅವನದೂ ಅಷ್ಟೇ, ಆಸ್ಪತ್ರೆಯ ಬಾಗಿಲಲ್ಲಿ ಕೂತ ರಾತ್ರಿ ಅಮ್ಮನ ಧೈರ್ಯ ನೋಡಿ ಅವನದೂ ಅಲ್ಲಾಡುತ್ತದೆ. ಎರಡೂ ಕಡೆಯವರನ್ನು ಹೀಗೆ ಒಬ್ಬರಿಂದ ಒಬ್ಬರು ಅಲುಗಿಸುವುದೇ ಈ ಕಾಲದ ಗುಣ ಅನ್ನುತ್ತಾರೆ ಟೇಲರ್. ನಿಮ್ಮ ಪತ್ರಲೇಖಕರಿಬ್ಬರೂ ಬಿಟ್ಟದ್ದು ಇದನ್ನೇ.

ಇಲ್ಲಿ ಒಂದು ತಕರಾರು ಬರುತ್ತದೆ, ಅದನ್ನು ಬಿಟ್ಟು ಮುಂದೆ ಹೋದರೆ ಮೋಸ. ಟೇಲರ್ ಬರೆದದ್ದು ಪಶ್ಚಿಮದ ಕ್ರೈಸ್ತ ಲೋಕದ ಕಥೆ, ಅದನ್ನು ಅವರೇ ಹೇಳಿದ್ದಾರೆ. ನಮ್ಮಲ್ಲಿ ಹಲವು ದಾರಿಗಳು ಇದ್ದದ್ದು ಹೊಸದಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಗೆ ಹೋಗಿ ನೋಡಿ. ಅಲ್ಲಿನ ಕೋಡಿಯ ಮಠದ ಬಗ್ಗೆ 12ನೇ ಶತಮಾನದ ಶಾಸನ ಹೇಳುವುದು ಓದಿದರೆ ಬೆರಗಾಗುತ್ತದೆ. ಶೈವರ ಮಠ, ಆದರೆ ಬೌದ್ಧ ದರ್ಶನವನ್ನೂ ಅಲ್ಲಿ ಓದಿಸುತ್ತಿದ್ದರು. ಜೈನರಿಗೂ ಬೌದ್ಧರಿಗೂ ಊಟ, ರೋಗಿಗಳಿಗೆ ಔಷಧಿ. ಅದೇ ಬಳ್ಳಿಗಾವಿಯವನು ಅಲ್ಲಮ, ಪಕ್ಕದ ಉಡುತಡಿಯವಳು ಅಕ್ಕಮಹಾದೇವಿ. ಅಕ್ಕ ಮನೆ, ಗಂಡ, ಅರಮನೆ, ಬಟ್ಟೆ ಎಲ್ಲ ಬಿಟ್ಟು ತನಗೆ ಬೇಕಾದ ದೇವರನ್ನು ತಾನೇ ಆರಿಸಿಕೊಂಡು ಹೊರಟಳು. ಆಯ್ಕೆ ಅನ್ನುವುದು ಈಚಿನದು ಅಂತ ಅವಳ ಊರಿನಲ್ಲಿ ನಿಂತು ಹೇಳಲು ನನಗೆ ಬಾಯಿ ಬರುವುದಿಲ್ಲ.

ಆದರೂ ವ್ಯತ್ಯಾಸ ಇದೆ. ಅಕ್ಕನ ಹಾಗೆ ಹೊರಟವರು ಕೆಲವರು. ಅವರಿಗೆ ಅದು ಬೆಂಕಿ. ಉಳಿದವರು ಊರಿನ ದೇವರು, ಕುಲದ ದೇವರು ಅಂತ ಇದ್ದಲ್ಲೇ ಇದ್ದರು. ಈಗ ಹೊರಡಬೇಕಾದ್ದು ಎಲ್ಲರೂ. ಬೇಡ ಅಂದರೂ ಬಿಡುವುದಿಲ್ಲ. ನೀನು ಯಾರು, ಏನು ನಂಬುತ್ತೀಯ, ಯಾಕೆ ನಂಬುತ್ತೀಯ ಅಂತ ಶಾಲೆ, ಫೋನು, ಚುನಾವಣೆ ಎಲ್ಲವೂ ಕೇಳುತ್ತವೆ. ಉತ್ತರ ಸಿದ್ಧ ಇಲ್ಲದವರಿಗೆ ಸಿದ್ಧ ಉತ್ತರ ಮಾರುವವರು ಇದ್ದೇ ಇದ್ದಾರೆ.

ನಾನು ಹೇಳಬೇಕು ಅಂತ ಇದ್ದದ್ದು ಇದು. ಇವತ್ತು ನಮ್ಮ ಊರುಗಳಲ್ಲಿ ಕೇಳುವ ಗದ್ದಲ ನಂಬಿಕೆ ಹೆಚ್ಚಾದ ಗದ್ದಲ ಅಂತ ನನಗೆ ಅನಿಸುವುದಿಲ್ಲ. ನಂಬಿಕೆ ಅಲ್ಲಾಡುತ್ತಿರುವುದರಿಂದ ಗುರುತನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದೇವೆ. ಚೌಡಿಯನ್ನೇ ನೋಡಿ. ಕಾಡಿನ ಅಂಚಲ್ಲಿ ಮಳೆಗೆ ನೆನೆಯುತ್ತಾ ಪಾಚಿ ಕಟ್ಟಿದ್ದ ಕಲ್ಲಿಗೆ ಈಗ ಟೈಲ್ಸು, ತಗಡಿನ ಮಾಡು, ಸ್ಟೀಲಿನ ಗೇಟು, ಮೈಕು. ಎಷ್ಟೋ ಕಡೆ ಹೆಸರೂ ಬದಲಾಗಿ ಸಂಸ್ಕೃತದ ಉದ್ದ ಹೆಸರು ಬಂದಿದೆ. ಕೋಳಿ ಬಲಿ ನಿಂತಿದೆ, ದಾನಿಗಳ ಪಟ್ಟಿ ಬಂದಿದೆ. ದಾರಿಗೆ ಕಮಾನು ಕಟ್ಟಿ ಬಾವುಟ ಏರಿಸಿದ್ದಾರೆ. ಹಿಂದೆ ಆ ದಾರಿಯಲ್ಲಿ ಹೋಗುವ ಸಾಬರ ಗಾಡಿಯವನೂ ಒಂದು ಕಾಸು ಹಾಕಿ ಹೋಗುತ್ತಿದ್ದ, ಚೌಡಿ ಜಾಗದ ಒಡತಿ ಅಂತ. ಈಗ ಆ ಬಾವುಟದ ಕೆಳಗೆ ಅವನು ಗಾಡಿ ನಿಲ್ಲಿಸುತ್ತಾನಾ? ಮಸೀದಿಗಳ ಕಥೆಯೂ ಬೇರೆಯಲ್ಲ. ದರ್ಗಾಕ್ಕೆ ಹೋಗುವುದು ತಪ್ಪು, ಅದು ಅಸಲಿ ಧರ್ಮ ಅಲ್ಲ ಅಂತ ತಮ್ಮ ಅಜ್ಜಿಯರಿಗೇ ಪಾಠ ಹೇಳುವ ಹುಡುಗರು ಅಲ್ಲೂ ಇದ್ದಾರೆ. ಎರಡೂ ಕಡೆ ಹಳೆಯದನ್ನು ಉಳಿಸುತ್ತೇವೆ ಅಂತಲೇ ಹಳೆಯದನ್ನು ಒರೆಸುತ್ತಿದ್ದಾರೆ.

ಧರ್ಮ ಒಂದು ಜನಾಂಗದ, ಒಂದು ದೇಶದ ಗುರುತಿನ ಜೊತೆ ಗಂಟು ಬಿದ್ದಾಗ ಅದರ ಸ್ವಭಾವ ಬದಲಾಗುವುದನ್ನು ಟೇಲರ್ ಐರ್ಲೆಂಡ್, ಪೋಲೆಂಡಿನ ಕ್ಯಾಥೊಲಿಕರ ಉದಾಹರಣೆ ಕೊಟ್ಟು ಹೇಳುತ್ತಾರೆ. ಆಗ ಪೂಜೆ ಮಾಡುವುದಕ್ಕಿಂತ ನಮ್ಮವರು ಯಾರು ಅನ್ನುವುದು ಮುಖ್ಯವಾಗುತ್ತದೆ. ದೇವರ ಹತ್ತಿರ ಏನೂ ಕೇಳಿಕೊಳ್ಳದವನೂ ಮೆರವಣಿಗೆಯಲ್ಲಿ ಎಲ್ಲರಿಗಿಂತ ಮುಂದೆ ಇರುತ್ತಾನೆ. ನೀವೂ ನೋಡಿರುತ್ತೀರಿ, ಅಲ್ವಾ?

ಇದನ್ನೆಲ್ಲ ಟೇಲರ್ ಪುಸ್ತಕದ ಕೋಣೆಯಲ್ಲಿ ಕೂತು ಮಾತ್ರ ಹೇಳಿದವರಲ್ಲ, ಅದಕ್ಕೇ ನನಗೆ ಅವರ ಮೇಲೆ ಗೌರವ. 2007ರಲ್ಲಿ ಅವರ ಪ್ರಾಂತ್ಯವಾದ ಕ್ವಿಬೆಕ್‌ನ ಸರ್ಕಾರ ಒಂದು ಆಯೋಗ ಮಾಡಿತು. ವಲಸೆ ಬಂದವರ ಧರ್ಮದ ಆಚರಣೆಗಳಿಗೆ ಎಷ್ಟು ಜಾಗ ಕೊಡಬೇಕು ಅನ್ನುವುದು ಅಲ್ಲಿನ ದೊಡ್ಡ ಗಲಾಟೆಯಾಗಿತ್ತು. ಟೇಲರ್ ಮತ್ತು ಸಮಾಜವಿಜ್ಞಾನಿ ಗೆರಾರ್ ಬುಶಾರ್ ಅದರ ಮುಖ್ಯಸ್ಥರು. ಊರೂರಿಗೆ ಹೋಗಿ ಜನರ ಮಾತು ಕೇಳಿದರು. ಆ ವರ್ಷವೇ ಎರೂವಿಲ್ ಅನ್ನುವ ಸಣ್ಣ ಊರು, ಇಲ್ಲಿಗೆ ಬರುವವರು ಹೆಂಗಸರನ್ನು ಕಲ್ಲು ಹೊಡೆದು ಕೊಲ್ಲಬಾರದು ಅಂತೆಲ್ಲ ನಿಯಮ ಮಾಡಿ ಸುದ್ದಿಯಾಗಿತ್ತು. ಆ ಊರಿನಲ್ಲಿ ವಲಸೆ ಬಂದವರೇ ಇಲ್ಲ ಅನ್ನುವಷ್ಟು ಕಡಿಮೆ! ನಮ್ಮಲ್ಲೂ ಹಾಗೇ. ಬೇರೆ ಧರ್ಮದ ಒಂದೇ ಒಂದು ಮನೆ ಇಲ್ಲದ ಹಳ್ಳಿಯ ವಾಟ್ಸಾಪ್ ಗ್ರೂಪಿನಲ್ಲೇ ಅವರ ಬಗ್ಗೆ ಭಯ ಜಾಸ್ತಿ.

2008ರ ವರದಿಯಲ್ಲಿ, ಶಾಸನಸಭೆಯ ಗೋಡೆಯ ಮೇಲಿನ ಶಿಲುಬೆಯನ್ನು ತೆಗೆಯಿರಿ ಅಂತ ಈ ಇಬ್ಬರೂ ಹೇಳಿದರು. ಹೇಳಿದವರಲ್ಲಿ ಒಬ್ಬರು ಕ್ಯಾಥೊಲಿಕ್ ಅನ್ನುವುದು ನೆನಪಿರಲಿ. ಶಾಸಕರು ಪಕ್ಷ ಮರೆತು ಒಟ್ಟಾಗಿ, ಅದು ನಮ್ಮ ಪರಂಪರೆ, ತೆಗೆಯುವುದಿಲ್ಲ ಅಂತ ಠರಾವು ಮಾಡಿದರು. 2019ರವರೆಗೂ ಅದು ಅಲ್ಲೇ ಇತ್ತು. ಅದೇ ವರದಿಯಲ್ಲಿ ಇನ್ನೊಂದು ಸಲಹೆ ಇತ್ತು. ನ್ಯಾಯಾಧೀಶರು, ಪೊಲೀಸರು, ಸರ್ಕಾರಿ ವಕೀಲರು, ಜೈಲಿನ ಕಾವಲುಗಾರರು ಧರ್ಮದ ಗುರುತು ತೊಡಬಾರದು, ಶಿಕ್ಷಕರು ತೊಟ್ಟರೆ ಅಡ್ಡಿಯಿಲ್ಲ. 2017ರ ಜನವರಿಯಲ್ಲಿ ಕ್ವಿಬೆಕ್ ನಗರದ ಮಸೀದಿಯಲ್ಲಿ ಒಬ್ಬ ಗುಂಡು ಹಾರಿಸಿ ಆರು ಜನರನ್ನು ಕೊಂದ. ಮುಂದಿನ ತಿಂಗಳೇ ಟೇಲರ್, ಆ ಸಲಹೆಗೆ ಇನ್ನು ನನ್ನ ಬೆಂಬಲ ಇಲ್ಲ, ಅಂಥ ಚರ್ಚೆಯೇ ಒಂದು ಸಮುದಾಯದ ಮೇಲೆ ಕೆಟ್ಟ ಹೆಸರು ಹೊರಿಸಲು ದಾರಿಯಾಯಿತು ಅಂತ ಬಹಿರಂಗವಾಗಿ ಹೇಳಿದರು. 2019ರ ಕಾನೂನು ಶಿಕ್ಷಕರಿಗೂ ನಿಷೇಧ ಹಾಕಿದಾಗ ವಿರೋಧಿಸಿದರು. ಆಗ ಅವರ ವಯಸ್ಸು 87.

2022ರ ಫೆಬ್ರುವರಿ ಶಿವಮೊಗ್ಗದವರಿಗೆ ಮರೆಯುವ ತಿಂಗಳಲ್ಲ. ಹಿಜಾಬು, ಕೇಸರಿ ಶಾಲು, ರಾಜ್ಯದ ಹೈಸ್ಕೂಲು ಕಾಲೇಜುಗಳಿಗೆ ಮೂರು ದಿನ ರಜೆ, ಶಿವಮೊಗ್ಗದ ಒಂದು ಕಾಲೇಜಿನ ಧ್ವಜಸ್ತಂಭಕ್ಕೆ ಕೇಸರಿ ಬಾವುಟ ಏರಿಸಿದ ವಿಡಿಯೋ ದೇಶವೆಲ್ಲ ಸುತ್ತಿದ್ದು, ಆಮೇಲೆ ಒಂದು ಕೊಲೆ, ನಿಷೇಧಾಜ್ಞೆ. ಮಾರ್ಚ್ 15ಕ್ಕೆ ಹೈಕೋರ್ಟ್ ತೀರ್ಪು ಬಂತು, ಅಕ್ಟೋಬರ್ 13ಕ್ಕೆ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಒಂದಕ್ಕೊಂದು ವಿರುದ್ಧವಾದ ಎರಡು ತೀರ್ಪು ಕೊಟ್ಟರು. ಕಾನೂನಿನ ಮಾತು ಅಲ್ಲಿ ನಡೆಯಲಿ. ನನಗೆ ಕಂಡದ್ದು ಬೇರೆ. ಆ ವಾರದ ತನಕ ಒಂದೇ ಬೆಂಚಿನಲ್ಲಿ ಕೂತು ಒಬ್ಬಳ ನೋಟ್ಸು ಇನ್ನೊಬ್ಬಳು ನಕಲು ಮಾಡುತ್ತಿದ್ದ ಹುಡುಗಿಯರಿಗೆ, ನೀನು ಮೊದಲು ಏನು ಅಂತ ಹೇಳು ಅನ್ನುವ ಒತ್ತಾಯ ಬಂತು. ಹದಿನೇಳು ವರ್ಷದ ಮಕ್ಕಳಿಗೆ! ಗುರುತು ಅನ್ನುವುದು ನಾನೊಬ್ಬನೇ ಕೂತು ಮಾಡಿಕೊಳ್ಳುವ ವಸ್ತು ಅಲ್ಲ, ಹತ್ತಿರದವರ ಜೊತೆ ಮಾತಾಡುತ್ತಾ, ಕೆಲವೊಮ್ಮೆ ಜಗಳ ಆಡುತ್ತಾ ಆಗುವಂಥದ್ದು ಅನ್ನುವುದು ಟೇಲರ್ ಬಹಳ ಹಿಂದಿನಿಂದ ಹೇಳಿಕೊಂಡು ಬಂದ ವಿಚಾರ. ಬೆಂಚು ಬೇರೆಯಾದರೆ ಆ ಮಾತು ಎಲ್ಲಿ ನಡೆಯಬೇಕು?

ಕುಪ್ಪಳಿಯ ಹತ್ತಿರದವರಿಗೆ ಇಲ್ಲಿ ಕುವೆಂಪು ನೆನಪಾಗದೆ ಇರುವುದಿಲ್ಲ. ಪ್ರತಿ ಮಗುವೂ ಹುಟ್ಟುತ್ತಾ ವಿಶ್ವಮಾನವ, ನಾವೇ ಅದನ್ನು ಜಾತಿ ಮತಗಳಲ್ಲಿ ಕಟ್ಟಿ ಸಣ್ಣದು ಮಾಡುತ್ತೇವೆ, ಮತ್ತೆ ಬಿಚ್ಚಿ ದೊಡ್ಡದು ಮಾಡುವುದು ವಿದ್ಯೆಯ ಕೆಲಸ ಅಂದವರು ಅವರು. ಟೇಲರ್ ಇದನ್ನು ಪೂರ್ತಿ ಒಪ್ಪಲಿಕ್ಕಿಲ್ಲ. ಭಾಷೆ, ಮನೆ, ಊರು, ದೇವರು ಎಲ್ಲ ತೆಗೆದ ಮೇಲೆ ಉಳಿಯುವ ಬರೀ ಮನುಷ್ಯ ಅಂತ ಒಬ್ಬ ಇದ್ದಾನೆಯೇ ಅಂತ ಅವರು ಕೇಳುತ್ತಾರೆ. ನನಗೆ ಇಬ್ಬರೂ ಬೇಕು. ಟೇಲರ್ ಒಬ್ಬರನ್ನೇ ಓದಿದರೆ ಹಳೆಯ ಲೋಕದ ಮೇಲೆ ಸುಮ್ಮನೆ ಆಸೆ ಹುಟ್ಟುತ್ತದೆ, ಚೌಡಿಯ ಮುಂದೆ ಎಲ್ಲರೂ ಒಂದೇ ಸಾಲಿನಲ್ಲಿ ನಿಂತಿದ್ದರು ಅನ್ನುವ ಹಾಗೆ. ನಿಂತಿರಲಿಲ್ಲ. ಯಾರು ಎಷ್ಟು ದೂರ ನಿಲ್ಲಬೇಕು ಅನ್ನುವುದು ಆ ಲೋಕದಲ್ಲೂ ಪಕ್ಕಾ ಇತ್ತು. ಪುರೋಹಿತಶಾಹಿಯ ಮೇಲೆ ಕುವೆಂಪು ಅಷ್ಟು ಸಿಟ್ಟಾದದ್ದು ಸುಮ್ಮನೆ ಅಲ್ಲ.

ಗೌರವ ಸಿಗದವರ ಸಿಟ್ಟು ಏನು ಅಂತ ಮಲೆನಾಡಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿ ಅಳೆಯುವ ಕೊಳಗದ ಅಳತೆಯಿಂದ ಶುರುವಾದ ಗೇಣಿದಾರರ ಹೋರಾಟ ಸಮಾಜವಾದಿ ನಾಯಕ ಲೋಹಿಯಾ ಅವರನ್ನು ಇಲ್ಲಿಗೆ ಕರೆತಂದಿತು, ಅವರ ಬಂಧನವೂ ಆಯಿತು. ಅಲ್ಲಿ ಭತ್ತದ ಲೆಕ್ಕದ ಜೊತೆಗೆ, ನಮ್ಮನ್ನು ಮನುಷ್ಯರು ಅಂತ ಕಾಣಿ ಅನ್ನುವ ಮಾತೂ ಇತ್ತು. ಇವತ್ತು ಗುರುತಿನ ಹೆಸರಲ್ಲಿ ಕೂಗುವ ಎಲ್ಲರನ್ನೂ ಮತಾಂಧರು ಅಂತ ತಳ್ಳಿಹಾಕುವ ವಿಚಾರವಾದಿ ಮಿತ್ರರಿಗೆ ನಾನು ಹೇಳುವುದು ಇದನ್ನೇ. ಕೂಗುವವನಿಗೆ ಕೆಲಸ ಇಲ್ಲದೆ ಇರಬಹುದು, ತೋಟಕ್ಕೆ ಎಲೆಚುಕ್ಕಿ ರೋಗ ಬಿದ್ದಿರಬಹುದು, ಅಡಿಕೆ ಬೆಳೆಗಾರ ಅಂದರೆ ಹೆಣ್ಣು ಕೊಡದೆ ಇರಬಹುದು. ಅವನನ್ನು ಹೆಸರು ಹಿಡಿದು ಮಾತಾಡಿಸುವ ಜಾಗ ಬಾವುಟದ ಕೆಳಗೆ ಮಾತ್ರ ಅಂತ ಆಗಿದೆ. ಆ ಬಾವುಟ ಅವನಿಗೆ ಏನು ಕೊಟ್ಟಿದೆ ಅನ್ನುವುದು ಬೇರೆ ಮಾತು.

ಕೊನೆಗೆ ನಿಮ್ಮ ಪತ್ರಿಕೆಯ ಬಗ್ಗೆಯೇ ಒಂದು ದೂರು. ಸುತ್ತಲಿನವರು ನಮ್ಮ ಬಗ್ಗೆ ಕೀಳು ಚಿತ್ರ ಹಿಡಿದು ತೋರಿಸುತ್ತಲೇ ಇದ್ದರೆ ಅದು ನಿಜವಾದ ಪೆಟ್ಟು, ಕ್ರಮೇಣ ನಾವೂ ಅದನ್ನೇ ನಂಬುತ್ತೇವೆ ಅಂತ ಟೇಲರ್ 1992ರಲ್ಲೇ ಬರೆದಿದ್ದಾರೆ. ಶಿವಮೊಗ್ಗ ಅಂದ ಕೂಡಲೇ ‘ಕೋಮುಸೂಕ್ಷ್ಮ’ ಅಂತ ಅಂಟಿಸುವ ಅಭ್ಯಾಸ ನಿಮಗೂ ಇದೆ. ಗಣಪತಿ ಹಬ್ಬಕ್ಕೆ ಇನ್ನೂ ವಾರ ಇರುವಾಗಲೇ ಎಷ್ಟು ತುಕಡಿ ಪೊಲೀಸರು ಬಂದರು ಅನ್ನುವುದು ಮುಖಪುಟದಲ್ಲಿ. ಈದ್ ಮಿಲಾದಿಗೂ ಅದೇ. ಅದನ್ನು ಓದಿ ದಾವಣಗೆರೆಯ ನೆಂಟರು ಫೋನು ಮಾಡಿ, ಹಬ್ಬಕ್ಕೆ ಬರಬಹುದಾ ಅಂತ ಕೇಳುತ್ತಾರೆ. ಗಲಾಟೆ ಆದರೆ ಬರೆಯಿರಿ, ಮುಚ್ಚಿಡಿ ಅಂತ ಯಾರೂ ಹೇಳುವುದಿಲ್ಲ. ಆಗುವ ಮೊದಲೇ ಬರೆಯಬೇಡಿ.

ಬದಲಿಗೆ ಒಂದು ಅಮಾವಾಸ್ಯೆಗೆ ನಿಮ್ಮ ವರದಿಗಾರರನ್ನು ತೀರ್ಥಹಳ್ಳಿ ತಾಲ್ಲೂಕಿನ ಹಣಗೆರೆಕಟ್ಟೆಗೆ ಕಳಿಸಿ. ಸಯ್ಯದ್ ಸಾದತ್ ದರ್ಗಾ, ಭೂತರಾಯ, ಚೌಡೇಶ್ವರಿ ಒಂದೇ ಸೂರಿನಡಿ ಇರುವ ಜಾಗ, ಎರಡೂ ಕಡೆಯ ಜನ ಹರಕೆ ಹೊತ್ತು ಬರುತ್ತಾರೆ. ‘ಭಾವೈಕ್ಯದ ಸಂಕೇತ’ ಅಂತ ಒಂದು ಫೋಟೋ ಹಾಕಿ ಮುಗಿಸಬೇಡಿ ಮಾತ್ರ, ಅದು ಪ್ರತಿ ವರ್ಷ ಬರುತ್ತದೆ, ಯಾರೂ ಓದುವುದಿಲ್ಲ. ಅಲ್ಲಿಗೆ ಬಂದವರನ್ನು ಕೂರಿಸಿಕೊಂಡು, ಏನು ಕಷ್ಟ, ಯಾಕೆ ಬಂದಿರಿ, ಡಾಕ್ಟರ ಹತ್ತಿರ ಹೋಗಿದ್ದಿರಾ, ಮಗ ಏನಂತಾನೆ ಅಂತ ಕೇಳಿ, ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯಲಿ. ಒಂದು ಪುಟ ಕೊಡಿ. ಜಾಹೀರಾತು ಕಡಿಮೆ ಇರುವ ದಿನವಾದರೂ ಆದೀತು.

ಇತಿ,
ನಿಮ್ಮ ಹಳೆಯ ಓದುಗ, ಅಡಿಕೆ ಬೆಳೆಗಾರ
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ